ಬಿರುಕಪ್ಪ ನೋಡಲು ಬರುತ್ತಾನೆ

ಬಾಗಿಲು ತಟ್ಟಿದ ಕೂಡಲೆ ಒಳಗಿನ ಕೆಮ್ಮು ನಿಂತಿತು.

ಬಿರುಕಪ್ಪ ಇನ್ನೊಮ್ಮೆ ತಟ್ಟಿದ. ಒಳಗೆ ಏನೋ ಬಿತ್ತು. ಯಾರೋ ‘ಶ್ಶ್’ ಎಂದರು. ಬರಿಗಾಲುಗಳು ನೆಲದ ಮೇಲೆ ಪಟಪಟನೆ ಓಡಿದವು. ಆಮೇಲೆ ಬಾಗಿಲಿನ ಆಚೆ, ತೀರಾ ಹತ್ತಿರದಲ್ಲಿ, ಒಬ್ಬ ಹೆಂಗಸು ಏದುಸಿರು ಬಿಡುವುದು ಕೇಳಿಸಿತು.

“ಯಾರು?”

“ನಾನಮ್ಮ, ಕೆಳಗಡೆ ಮನೆಯವನು. ಯಜಮಾನರಿಗೆ ಹುಷಾರಿಲ್ಲ ಅಂತ ಕೇಳಿದೆ. ಸುಮ್ನೆ ನೋಡ್ಕೊಂಡು ಹೋಗೋಣ ಅಂತ ಬಂದೆ.”

“ಅವರು ಮನೇಲಿಲ್ಲ.”

ಅಷ್ಟರಲ್ಲಿ ಮನೆಯಲ್ಲಿಲ್ಲದ ಯಜಮಾನರು ಕೆಮ್ಮಿದರು. ತಡೆದು ತಡೆದು, ಇನ್ನು ತಡೆಯಲಾರದೆ, ಎದೆಯ ತಳದಿಂದ ಎಳೆದು ಕೆಮ್ಮಿದರು.

“ಕೆಮ್ಮು ಕೇಳಿಸ್ತಾ ಇದೆಯಲ್ಲಮ್ಮ?”

“ನೆಗಡಿ ಸಾರ್, ಬರೀ ನೆಗಡಿ!” ಒಳಗಿನಿಂದ ಗಂಡಸಿನ ದನಿ ಕೂಗಿತು. “ವಾಸಿ ಆಗೋಗಿದೆ! ನಾಳೆ ಕೆಲಸಕ್ಕೂ ಹೋಗ್ತಿದೀನಿ! ನೀವು ಮಾತ್ರ ಒಳಗೆ ಬರ್ಬೇಡಿ, ನಿಮಗೂ ಅಂಟ್ಕೊಂಡೀತು!”

“ನನಗೇನೂ ಆಗಲ್ಲ ಬಿಡಿ.”

“ನಿಮಗೇನೂ ಆಗಲ್ಲ ಅಂತ ನಮಗೂ ಗೊತ್ತು ಸಾರ್,” ಎಂದಳು ಹೆಂಗಸು.

ಬಿರುಕಪ್ಪ ಕಿತ್ತಳೆ ಹಣ್ಣಿನ ಚೀಲವನ್ನು ಹೊಸ್ತಿಲ ಮೇಲಿಟ್ಟು ಇಳಿಯತೊಡಗಿದ. ಅವನು ಮೆಟ್ಟಿಲ ತಿರುವು ದಾಟುವ ಮೊದಲೇ ಮೇಲೆ ಬಾಗಿಲು ಒಂದು ಗೇಣು ತೆರೆಯಿತು. ಸಂದಿಯಿಂದ ಪೊರಕೆಯ ಹಿಡಿಯೊಂದು ಹೊರಬಂದು ಚೀಲವನ್ನು ನೂಕಿತು. ಹಣ್ಣುಗಳು ಒಂದರ ಹಿಂದೊಂದು ಮೆಟ್ಟಿಲಿಳಿದು ಅವನನ್ನು ದಾಟಿ, ಮನೆಯ ದಾರಿ ತಮಗೇ ಚೆನ್ನಾಗಿ ಗೊತ್ತಿರುವಂತೆ, ಕೆಳಗೆ ಹೋದವು.

ಬಿರುಕಪ್ಪ ಎನ್ನುವುದು ಹೆತ್ತವರು ಇಟ್ಟ ಹೆಸರಲ್ಲ, ಕೆಲಸ ಇಟ್ಟದ್ದು. ನಗರಸಭೆಯ ಶಿಥಿಲ ಕಟ್ಟಡಗಳ ವಿಭಾಗದಲ್ಲಿ ಅವನು ಕೂದಲು ನೆರೆಯುವ ತನಕ ದುಡಿದಿದ್ದ. ಹಳೆಯ ಮನೆಯೊಂದಕ್ಕೆ ಹೋಗುವುದು, ಮೊದಲು ಛಾವಣಿಯನ್ನು ನೋಡುವುದು, ಆಮೇಲೆ ಗೋಡೆಯನ್ನು ಬೆರಳ ಗೆಣ್ಣಿನಿಂದ ತಟ್ಟಿ ಕಿವಿಯಿಟ್ಟು ಕೇಳುವುದು, “ಎಷ್ಟು ವರ್ಷ ಆಯ್ತು?” ಎಂದು ವಿಚಾರಿಸುವುದು, ತಲೆಯಾಡಿಸುವುದು. ಕೊನೆಗೆ ಮುಂಬಾಗಿಲಿನ ಮೇಲೆ ಕೆಂಪು ಬಣ್ಣದಲ್ಲಿ ಒಂದು ಕತ್ತರಿ ಗುರುತು ಹಾಕಿ ಬರುವುದು. ಗುರುತು ಬಿದ್ದ ಮನೆಯನ್ನು ಕೆಡವಲು ಬೇರೆಯವರು ಬರುತ್ತಿದ್ದರು. ಆದರೆ ಜನ ಬೈಯುತ್ತಿದ್ದದ್ದು ಅವರನ್ನಲ್ಲ.

ಅವನು ಬೀದಿಗೆ ಕಾಲಿಟ್ಟರೆ ಕಿಟಕಿಗಳು ಮುಚ್ಚಿಕೊಳ್ಳುತ್ತಿದ್ದವು. ಗೋಡೆಯ ಬಿರುಕಿನ ಮೇಲೆ ಕ್ಯಾಲೆಂಡರು ತೂಗುಹಾಕಿ, ಅದರ ಮುಂದೆ ಮನೆಯ ಹಿರಿಯರನ್ನು ಕೂರಿಸಿ, “ಇವರಿಗೆ ಎದ್ದೇಳೋಕಾಗಲ್ಲ ಸಾರ್” ಎನ್ನುತ್ತಿದ್ದರು. ಇಷ್ಟು ವರ್ಷಗಳಲ್ಲಿ ಒಬ್ಬರಾದರೂ ಅವನನ್ನು ಕಂಡು ನಗುತ್ತ ಬಾಗಿಲು ತೆರೆದದ್ದಿಲ್ಲ. ಒಂದೇ ಒಂದು ಸಲ ಒಬ್ಬಾಕೆ ತೆರೆದಿದ್ದಳು. ಹಾಲಿನವನು ಬಂದ ಎಂದುಕೊಂಡಿದ್ದಳಂತೆ.

ನಿವೃತ್ತಿಗೆ ಮುಂಚೆ ಕಚೇರಿಯವರು ಹೊರಡಲಿರುವವರನ್ನೆಲ್ಲ ಒಂದು ಕೋಣೆಯಲ್ಲಿ ಕೂರಿಸಿ, ಮುಂದಿನ ಬದುಕಿಗೆ ಗುರಿ ಹೇಗಿರಬೇಕು ಎಂದು ಪಾಠ ಹೇಳಿಸಿದರು. ಪಾಠ ಹೇಳಲು ಬಂದವಳು ಆಗಷ್ಟೇ ಕೆಲಸಕ್ಕೆ ಸೇರಿದ ಹುಡುಗಿ. ಮುಪ್ಪಿನ ಬಗ್ಗೆ ಅವಳಿಗೆ ಬಹಳ ಉತ್ಸಾಹವಿತ್ತು.

“ಎಲ್ಲರೂ ಕಣ್ಣು ಮುಚ್ಚಿ,” ಎಂದಳು. “ನಿಮ್ಮ ಮುಂದೆ ಒಂದು ಬಾಗಿಲು ಇದೆ. ಅದರ ಹಿಂದೆ ಯಾರೋ ನಿಮಗೋಸ್ಕರ ಕಾಯ್ತಿದಾರೆ. ಯಾರದು? ಅದು ಗೊತ್ತಾದ್ರೆ ನಿಮ್ಮ ಮುಂದಿನ ಬದುಕಿನ ಗುರಿ ಗೊತ್ತಾದ ಹಾಗೆ.”

ಪಕ್ಕದಲ್ಲಿದ್ದ ಲೆಕ್ಕಪತ್ರ ವಿಭಾಗದವನು ಕಣ್ಣು ಮುಚ್ಚಿದ್ದೇ ತಡ ಗೊರಕೆ ಹೊಡೆಯತೊಡಗಿದ. ಬಿರುಕಪ್ಪನಿಗೆ ಬಾಗಿಲು ಸ್ಪಷ್ಟವಾಗಿ ಕಂಡಿತು. ಅದರ ಮೇಲೆ ಕೆಂಪು ಗುರುತಿತ್ತು. ಅವನು ಬೆಚ್ಚಿ ಕಣ್ಣು ಬಿಟ್ಟ.

ಪ್ರಶ್ನೆ ಮಾತ್ರ ಮೀನಿನ ಮುಳ್ಳಿನಂತೆ ಗಂಟಲಲ್ಲಿ ಸಿಕ್ಕಿಕೊಂಡಿತು. ಬೀಳ್ಕೊಡುಗೆಯ ದಿನ ಹಾರ ಹಾಕಿಸಿಕೊಂಡು, ನಾಲ್ಕು ಮಾತಾಡಿ ಎಂದಾಗ, ಯಾರೂ ಕೇಳದಿದ್ದರೂ ಅವನು ಘೋಷಿಸಿಬಿಟ್ಟ: “ಇನ್ನು ನನ್ನ ಬದುಕು ಹಾಸಿಗೆ ಹಿಡಿದವರ ಸೇವೆಗೆ. ದಿನಾ ಒಬ್ಬರನ್ನಾದರೂ ನೋಡಿ, ಮಾತಾಡಿಸಿ ಬರ್ತೀನಿ.” ಚಪ್ಪಾಳೆ ಜೋರಾಗಿ ಬಿತ್ತು. ಊಟಕ್ಕೆ ತಡವಾಗಿತ್ತು.

ಮನೆಯಲ್ಲಿ ಹೆಂಡತಿ ಕೇಳಿದಳು, “ನಿಮಗೋಸ್ಕರ ಬಾಗಿಲ ಹಿಂದೆ ಕಾಯೋಕೆ ಯಾರಾದ್ರೂ ಬೇಕಾ? ನಾನಿಲ್ವಾ?”

“ನೀನು ಕಾಯ್ತಿರಲ್ಲ ಕಣೇ. ಇರ್ತೀಯ.”

ಆ ರಾತ್ರಿ ಅವಳು ಒಬ್ಬಳೇ ಊಟ ಮಾಡಿ ಎದ್ದಳು.

ಇಲ್ಲಿ ಒಂದು ಮಾತನ್ನು ನ್ಯಾಯವಾಗಿ ಹೇಳಿಬಿಡಬೇಕು. ಮುಂದೆ ನಡೆದ ಅನಾಹುತಕ್ಕೆಲ್ಲ ಕಾರಣ ಬಿರುಕಪ್ಪನ ಕಾಲ್ಗುಣವಲ್ಲ, ಅವನ ಕಾರ್ಯಪದ್ಧತಿ. ಶಿಥಿಲ ಕಟ್ಟಡಗಳ ವಿಭಾಗಕ್ಕೆ ಒಂದೇ ತತ್ವ: ಹೆಚ್ಚು ಕೆಟ್ಟಿರುವುದನ್ನು ಮೊದಲು ನೋಡಬೇಕು. ಸಣ್ಣಪುಟ್ಟ ಬಿರುಕಿನ ಮನೆಗಳನ್ನು ನೋಡುತ್ತ ಕೂತರೆ, ಅಷ್ಟರಲ್ಲಿ ದೊಡ್ಡ ಬಿರುಕಿನದು ಯಾರದೋ ತಲೆಯ ಮೇಲೆ ಕೂತಿರುತ್ತದೆ. ಈ ತತ್ವವನ್ನೇ ಬಿರುಕಪ್ಪ ರೋಗಿಗಳಿಗೂ ಅನ್ವಯಿಸಿದ. ಬೀದಿಯ ಡಾಕ್ಟರ ಹತ್ತಿರ ಔಷಧಿ ಕಟ್ಟಿಕೊಡುವ ಕಾಂಪೌಂಡರನ ಬಳಿ ಹೋಗಿ ಕೇಳಿದ:

“ಈ ಕಡೆ ಎಲ್ಲರಿಗಿಂತ ಕೆಟ್ಟಿರೋರು ಯಾರಪ್ಪಾ?”

“ಗುಣದಲ್ಲೋ, ಆರೋಗ್ಯದಲ್ಲೋ?”

“ಆರೋಗ್ಯದಲ್ಲಿ.”

ಕಾಂಪೌಂಡರನಿಗೆ ತನ್ನನ್ನೂ ಒಬ್ಬರು ವಿಚಾರಿಸಿದರಲ್ಲ ಎಂದು ಖುಷಿಯಾಗಿ, ಪಿಟೀಲು ಮೇಷ್ಟ್ರ ಮನೆ ತೋರಿಸಿದ. ಮೇಷ್ಟ್ರು ತಿಂಗಳಿನಿಂದ ಕೊನೆಯುಸಿರನ್ನೇ ಎಳೆದೆಳೆದು ಬಿಡುತ್ತಿದ್ದರು. ಬಿರುಕಪ್ಪ ಅವರ ಪಕ್ಕದಲ್ಲಿ ಕೂತು, ಹಳೆಯ ಅಂಚೆ ಕಚೇರಿಯ ತೊಲೆಗೆ ಗೆದ್ದಲು ಹಿಡಿದ ಪ್ರಸಂಗವನ್ನು ವಿವರವಾಗಿ ಹೇಳಿ ಬಂದ. ಸಂಜೆಗೆ ಮೇಷ್ಟ್ರಿರಲಿಲ್ಲ. ಎರಡನೆಯವರು ಬೇಕರಿಯವನ ಅಪ್ಪ. ಅವರಿಗಾಗಿ ಬಿರುಕಪ್ಪ ಕಿತ್ತಳೆ ಹಣ್ಣು ಸುಲಿಯುತ್ತಿದ್ದ, ಸುಲಿದು ಮುಗಿಯುವಷ್ಟರಲ್ಲಿ ತಿನ್ನುವವರೇ ಇರಲಿಲ್ಲ. ಮೂರನೆಯವರಿಗೆ ವಾರದಿಂದ ಪ್ರಜ್ಞೆ ತಪ್ಪಿತ್ತು. ಬಿರುಕಪ್ಪ ಛಾವಣಿ ನೋಡಿ, ಅಭ್ಯಾಸಬಲದಿಂದ ಮಂಚದ ತಲೆಹಲಗೆಯನ್ನು ತಟ್ಟಿ, “ಎಷ್ಟು ವರ್ಷ ಆಯ್ತು?” ಎಂದು ಮನೆಯವರನ್ನು ಕೇಳಿದ. ಆ ಸದ್ದಿಗೆ ಅವರು ಕಣ್ಣು ಬಿಟ್ಟರು. ಮನೆಯವರೆಲ್ಲ ಹರ್ಷದಿಂದ ಕೂಗಿಕೊಂಡರು. ಅವರು ಬಿರುಕಪ್ಪನನ್ನು ಒಮ್ಮೆ ನೋಡಿದರು, ಮತ್ತೆ ಕಣ್ಣು ಮುಚ್ಚಿದರು, ಅಷ್ಟೇ.

ಆಮೇಲಿನ ಸುದ್ದಿ ಅವನಿಗಿಂತ ವೇಗವಾಗಿ ನಡೆಯಿತು.

ಕ್ಷೌರದಂಗಡಿಗೆ ಅವನು ಹೋದರೆ ಕಾದು ಕೂತಿದ್ದವರೆಲ್ಲ ಗಡ್ಡದ ಮೇಲಿನ ಆಸೆ ಬಿಟ್ಟು ಎದ್ದು ಹೋಗುತ್ತಿದ್ದರು. ಕುರ್ಚಿಯಲ್ಲಿ ಅರ್ಧ ಮುಖ ನೊರೆ ಹಚ್ಚಿಸಿಕೊಂಡವನೊಬ್ಬ, “ನನಗೆ ಒಂದು ಕಡೆ ಸಾಕು” ಎಂದು ಹೊರಟೇಬಿಟ್ಟ. ಕಣ್ಣಿನ ಆಪರೇಷನ್ನಿಗೆಂದು ಬಂದು ತಿಂಗಳು ಉಳಿಯಬೇಕಿದ್ದ ಹೆಂಡತಿಯ ಅಣ್ಣ ಫೋನು ಮಾಡಿದ.

“ಭಾವ ಮನೇಲೇ ಇರ್ತಾರೇನಮ್ಮ?”

“ಇನ್ನೆಲ್ಲಿ ಹೋಗ್ತಾರಣ್ಣ, ಇರ್ತಾರೆ.”

“ನನ್ನನ್ನ ನೋಡ್ತಾರಾ?”

“ಎದುರಿಗೇ ಇದ್ರೆ ನೋಡದೆ ಇರೋಕಾಗುತ್ತಾ?”

“ಹಾಗಾದ್ರೆ ಕಣ್ಣು ಹೀಗೇ ಇರ್ಲಿ ಬಿಡು ತಾಯಿ. ಮಸುಕು ಮಸುಕಾಗಿ ಆದ್ರೂ ಕಾಣ್ತಾ ಇದೆಯಲ್ಲ.”

ಮರುದಿನ ಅವರ ಕಟ್ಟಡದ ಸಂಘದ ಕಾರ್ಯದರ್ಶಿ ಬಂದರು. ಕೂರಲು ಹೇಳಿದರೆ ಕೂರಲಿಲ್ಲ. ಬಾಗಿಲ ಚೌಕಟ್ಟನ್ನು ಹಿಡಿದುಕೊಂಡೇ ಮಾತಾಡಿದರು.

“ತಮ್ಮ ಸೇವೆಯ ಬಗ್ಗೆ ಸಂಘಕ್ಕೆ ಅಪಾರ ಗೌರವ ಇದೆ. ಅದನ್ನ ಇಷ್ಟು ಸಣ್ಣ ಜಾಗಕ್ಕೆ ಸೀಮಿತ ಮಾಡೋದು ಅನ್ಯಾಯ ಅನ್ನೋದು ಸದಸ್ಯರ ಅಭಿಪ್ರಾಯ. ರೈಲು ಹಳಿ ದಾಟಿದ್ರೆ ಆ ಕಡೆ ಎಷ್ಟೊಂದು ಜನ ಇದಾರೆ! ಅವರಿಗೂ ಸ್ವಲ್ಪ…”

ಬಿರುಕಪ್ಪ ಅವರ ಮುಖವನ್ನೇ ನೋಡುತ್ತಿದ್ದ. “ಯಾಕೋ ಬಾಡಿದೀರಲ್ಲ ಸಾರ್? ಕಣ್ಣಿನ ಕೆಳಗೆ ಕಪ್ಪಾಗಿದೆ. ಹುಷಾರಾಗಿದೀರ ತಾನೆ?”

ಕಾರ್ಯದರ್ಶಿ ವಾಕ್ಯವನ್ನು ಅಲ್ಲೇ ಬಿಟ್ಟು ಕಾಲಿಗೆ ಬುದ್ಧಿ ಹೇಳಿದರು. ಆ ದಿನದಿಂದ ಇಡೀ ಕಟ್ಟಡದ ಆರೋಗ್ಯ ಸುಧಾರಿಸಿತು. ಜ್ವರ ಬಂದವರು ಮುಖಕ್ಕೆ ಪೌಡರು ಹಚ್ಚಿ ಕೆಲಸಕ್ಕೆ ಹೋದರು. ಕಾಲು ಉಳುಕಿದವರು ಬಿರುಕಪ್ಪನ ಕಿಟಕಿಯ ಮುಂದೆ ನೆಟ್ಟಗೆ ನಡೆದು, ಮೂಲೆ ತಿರುಗಿದ ಮೇಲೆ ಕುಂಟಿದರು. ಮೂರನೇ ಮಹಡಿಯವನು ಕೆಮ್ಮನ್ನು ದಿಂಬಿನೊಳಗೆ ಕೆಮ್ಮಿದ. ಕಿತ್ತಳೆ ಹಣ್ಣುಗಳು ಮೆಟ್ಟಿಲಿಳಿದದ್ದು ಈ ದಿನಗಳಲ್ಲೇ.

ಬಿರುಕಪ್ಪ ಹಣ್ಣುಗಳನ್ನು ಹೆಕ್ಕಿ ತಂದು ಮೇಜಿನ ಮೇಲಿಟ್ಟ. ಹೆಂಡತಿ ಅವುಗಳನ್ನು ತೊಳೆದಳು.

“ಇನ್ನೊಂದು ಗುರಿ ಹುಡುಕ್ಬೇಕು,” ಎಂದ.

“ಹುಡುಕಿ. ಅಲ್ಲೀ ತನಕ ಅಡುಗೆಮನೆ ನಲ್ಲಿ ಸೋರೋದನ್ನ ನೋಡಿ.”

ಅವನು ನಲ್ಲಿ ನೋಡಲು ಏಳುತ್ತಿದ್ದಾಗ ಯಾರೋ ಬಾಗಿಲು ತಟ್ಟಿದರು.

ಮೊಳೆ, ತಂತಿ, ಬೀಗ ಮಾರುವ ಅಂಗಡಿಯ ಯಜಮಾನ. ಟೊಣಪ ಮನುಷ್ಯ, ಬೀದಿಗೆಲ್ಲ ಕೇಳುವಂತೆ ಮಾತಾಡುವವನು, ಇವತ್ತು ಪಿಸುಗುಟ್ಟಿದ.

“ಸಾರ್, ನಮ್ಮ ದೊಡ್ಡಪ್ಪ… ಬಹಳ ಕಾಲದಿಂದ ಮಲಗಿದ್ದಲ್ಲೇ ಇದಾರೆ. ಎತ್ತಬೇಕು, ಇಳಿಸಬೇಕು. ಅವರಿಗೂ ಹಿಂಸೆ, ನಮಗೂ… ನಮಗೇನಿಲ್ಲ, ಅವರಿಗೇ ಹಿಂಸೆ. ತಾವು ಒಂದ್ಸಲ ಬಂದು, ಹೀಗೆ… ನೋಡ್ಕೊಂಡು ಹೋದ್ರೆ ಬಹಳ ಉಪಕಾರ ಆಗ್ತಿತ್ತು.”

ಬಿರುಕಪ್ಪನ ಹೊಟ್ಟೆಗೆ ಹಾಲು ಹೊಯ್ದಂತಾಯಿತು. “ಬರ್ತೀನಿ! ಈಗಲೇ ಬರ್ತೀನಿ!”

ಹೆಂಡತಿ ಅವನನ್ನು ಒಳಗೆ ಕರೆದಳು. “ಅವರು ಯಾಕೆ ಕರೀತಿದಾರೆ ಅಂತ ಗೊತ್ತಾಯ್ತೇನ್ರೀ?”

“ಪ್ರೀತಿಗೆ.”

“ಪ್ರೀತಿಗೇ. ಯಾರ ಮೇಲಿನ ಪ್ರೀತಿ ಅಂತ ಸ್ವಲ್ಪ ಯೋಚನೆ ಮಾಡಿ.”

“ಇಸ್ತ್ರಿ ಮಾಡಿದ ಅಂಗಿ ಎಲ್ಲಿಟ್ಟಿದೀಯ?” ಎಂದ ಬಿರುಕಪ್ಪ.

ಆ ಮನೆಯಲ್ಲಿ ಅವನು ಬಾಗಿಲು ತಟ್ಟಲು ಕೈಯೆತ್ತುವ ಮುಂಚೆಯೇ ಬಾಗಿಲು ತೆರೆಯಿತು. ಒಳಗೆ ಸಾಲಾಗಿ ನಿಂತ ಮುಖಗಳೆಲ್ಲ ನಕ್ಕವು. ಒಬ್ಬಳು ಕುರ್ಚಿಯನ್ನು ಸೆರಗಿನಿಂದ ಒರೆಸಿದಳು. ಇನ್ನೊಬ್ಬಳು ಟೀ ತಂದಳು, ತಟ್ಟೆಯ ತುಂಬ ಬಿಸ್ಕತ್ತು. “ಸಾರ್‌ಗೆ ಫ್ಯಾನ್ ಹಾಕ್ರೋ!” ಎಂದು ಯಜಮಾನ ಅಬ್ಬರಿಸಿದ. ಬಿರುಕಪ್ಪ ಒಂದು ಕ್ಷಣ ಹಿಂದಕ್ಕೆ ತಿರುಗಿ, ತನ್ನ ಬೆನ್ನ ಹಿಂದೆ ಬೇರೆ ಯಾರಾದರೂ ಬಂದಿದ್ದಾರೆಯೇ ಎಂದು ನೋಡಿದ. ಯಾರೂ ಇರಲಿಲ್ಲ. ಎಲ್ಲ ಅವನಿಗೇ.

ದೊಡ್ಡಪ್ಪ ಮರುದಿನ ಬೆಳಿಗ್ಗೆ ತೀರಿಕೊಂಡರು. ಮಧ್ಯಾಹ್ನ ಅಂಗಡಿಯ ಯಜಮಾನ ಒಂದು ಬುಟ್ಟಿ ಸೇಬು ಕಳಿಸಿದ.

ಆಮೇಲೆ ಬಿರುಕಪ್ಪನ ಮನೆಯ ಮೆಟ್ಟಿಲ ಮೇಲೆ ಜನ ಕಾಣಿಸಿಕೊಳ್ಳತೊಡಗಿದರು. ಹಗಲು ಹೊತ್ತಿನಲ್ಲಿ ಅವನನ್ನು ಕಂಡರೆ ಆಚೆ ಬದಿಯ ಫುಟ್‌ಪಾತಿಗೆ ಹೋಗುವವರೇ ಸಂಜೆ ಬಂದು ಅವನ ಬಾಗಿಲ ಮುಂದೆ ಕೈಕಟ್ಟಿ ನಿಲ್ಲುತ್ತಿದ್ದರು. ಒಮ್ಮೆ ಎರಡು ಮನೆಯವರು ಅಲ್ಲೇ ಜಗಳಕ್ಕೆ ಬಿದ್ದರು.

“ನಾವು ಮೊದಲು ಬಂದದ್ದು!”

“ಬಂದಿರಬಹುದು. ನಮ್ಮತ್ತೆಗೆ ಎರಡು ಕಾಲೂ ಹೋಗಿದೆ. ನಿಮ್ಮ ಮಾವ ನಿನ್ನೆ ಬಾಲ್ಕನೀಲಿ ನಿಂತು ಪೇಪರ್ ಓದ್ತಿದ್ರು, ನಾನೇ ನೋಡಿದೀನಿ!”

“ಓದ್ತಿರಲಿಲ್ಲ! ಹಿಡ್ಕೊಂಡಿದ್ರು ಅಷ್ಟೇ!”

ಬಿರುಕಪ್ಪ ಇಬ್ಬರನ್ನೂ ಸಮಾಧಾನಪಡಿಸಿ, ಹೆಚ್ಚು ಕೆಟ್ಟಿರುವುದು ಮೊದಲು ಎಂಬ ತತ್ವದ ಪ್ರಕಾರ ತೀರ್ಪು ಕೊಟ್ಟ. ಇನ್ನೊಬ್ಬಾತ ದೂರು ತಂದಿದ್ದ: “ಹೋದ ವಾರ ಬಂದಿದ್ರಲ್ಲ ಸಾರ್, ನೀವು ಸರಿಯಾಗಿ ನೋಡಿಲ್ಲ. ಫೋನ್ ಬಂತು ಅಂತ ಮಧ್ಯ ಎದ್ದೋದ್ರಿ. ದಯವಿಟ್ಟು ಇನ್ನೊಂದ್ಸಲ ಪೂರ್ತಿ ನೋಡಿ.”

ಬಿರುಕಪ್ಪನಿಗೆ ಇದೆಲ್ಲ ಅರ್ಥವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಒಂದು ಮನೆಯಲ್ಲಿ ಅವನು ಟೀ ಕಪ್ಪು ಹಿಡಿದು ಕೂತಿದ್ದಾಗ, ಪಕ್ಕದ ಕೋಣೆಯಿಂದ ಸೊಸೆ ಗಂಡನಿಗೆ ಹೇಳುವುದು ಕೇಳಿಸಿತು: “ಇವತ್ತೇ ಆಗುತ್ತಂತಾ, ಕೇಳಿ. ನಾಳೆ ಅಂದ್ರೆ ನನ್ನ ತಮ್ಮನಿಗೆ ರಜೆ ಇಲ್ಲ.” ಬಿರುಕಪ್ಪ ಕಪ್ಪನ್ನು ಕೆಳಗಿಟ್ಟ. ಮತ್ತೆ ಎತ್ತಿಕೊಂಡ. ಪೂರ್ತಿ ಕುಡಿದ. ಸಕ್ಕರೆ ಹದವಾಗಿತ್ತು.

ಮನೆಗೆ ಬಂದು ಹೆಂಡತಿಗೆ ಹೇಳಿದ, “ನನಗೆ ಗೊತ್ತಾಯ್ತು ಕಣೇ.”

“ಅಂತೂ.”

“ನಾಳೆಯಿಂದ ಎಲ್ಲೂ ಹೋಗಲ್ಲ. ಬಾಗಿಲು ತೆಗೀಬೇಡ.”

ಮರುದಿನ ಬಾಗಿಲು ತಟ್ಟಿದ ಸದ್ದಾದಾಗ ಅವಳು ತೆಗೆಯಲಿಲ್ಲ. ತೆಗೆಯುವ ಅಗತ್ಯವೂ ಬೀಳಲಿಲ್ಲ. ಬಿರುಕಪ್ಪ ಆಗಲೇ ಅಂಗಿಯ ಗುಂಡಿ ಹಾಕಿಕೊಳ್ಳುತ್ತ ಅರ್ಧ ಮೆಟ್ಟಿಲಿಳಿದಿದ್ದ.

ಬಂದವನು ಎರಡು ಬೀದಿ ಆಚೆಯ ಲಾಂಡ್ರಿಯವನು. ಸಣಕಲ, ನಾಚಿಕೆಯ ಮನುಷ್ಯ. ಹೇಳಬೇಕಾದ್ದನ್ನು ಅವನು ತನ್ನ ಚಪ್ಪಲಿಗೆ ಹೇಳಿದ.

“ನಮ್ಮತ್ತೆ ಸಾರ್, ಅಪ್ಪನ ಅಕ್ಕ. ಹೆರಿಗೆ ಆಸ್ಪತ್ರೇಲಿ ನರ್ಸ್ ಆಗಿದ್ರು. ಎಲ್ಲರೂ ನರ್ಸಮ್ಮ ಅಂತಾರೆ. ನಾನೂ ಅವರ ಕೈಯಲ್ಲೇ ಹುಟ್ಟಿದ್ದು. ನಾನು ಬೇಡ ಅಂದೆ ಸಾರ್. ಆದ್ರೆ ಅವರೇ ಹಟ ಹಿಡಿದಿದಾರೆ, ನಿಮ್ಮನ್ನ ಕರ್ಕೊಂಡು ಬಾ ಅಂತ.”

ಬಿರುಕಪ್ಪ ಮೆಟ್ಟಿಲ ಮೇಲೆ ನಿಂತುಬಿಟ್ಟ. “ಮನೆಯವರಲ್ಲ? ಅವರೇ ಕೇಳಿದ್ರಾ?”

“ಅವರೇ. ದಿನಾ ಕೇಳ್ತಾರೆ, ಇನ್ನೂ ಬರ್ಲಿಲ್ವಾ, ಇನ್ನೂ ಬರ್ಲಿಲ್ವಾ ಅಂತ.”

ಲಾಂಡ್ರಿಯ ಹಿಂದಿನ ಕೋಣೆಯಲ್ಲಿ ಬಟ್ಟೆ ಕುದಿಸುವ ಹಬೆಯ ವಾಸನೆ. ಗೋಡೆ ಎದೆಮಟ್ಟದವರೆಗೆ ಒದ್ದೆಯಾಗಿತ್ತು. ಆ ಮಸುಕಿನಲ್ಲಿ ಹಾಸಿಗೆಯೊಂದು ಮಾತ್ರ, ಗೆರೆ ಮುರಿಯದೆ ಇಸ್ತ್ರಿ ಮಾಡಿದ ಹೊದಿಕೆಯೊಂದಿಗೆ, ಬೆಳ್ಳಗಿತ್ತು. ಅದರಲ್ಲಿ ಉದ್ದವಾಗಿ, ತೆಳ್ಳಗೆ, ಮಡಿಸಿಟ್ಟ ಬಟ್ಟೆಯಂತೆ ನರ್ಸಮ್ಮ ಮಲಗಿದ್ದರು.

“ಅಂತೂ ಬಂದ್ಯಾ?” ಎಂದರು. “ಇಷ್ಟು ದಿನ ಎಲ್ಲಿ ಸತ್ತಿದ್ದೆ?”

ಬಿರುಕಪ್ಪನ ಜನ್ಮದಲ್ಲಿ ಯಾರೂ ಅವನನ್ನು ತಡವಾಗಿ ಬಂದೆ ಎಂದು ಬೈದಿರಲಿಲ್ಲ. ಬೇಗ ಬಂದೆ ಎಂದೇ ಎಲ್ಲರೂ ಬೈದದ್ದು.

“ಬೇರೆ ಕಡೆ ಕೆಲಸ ಇತ್ತಮ್ಮ.”

“ಗೊತ್ತು. ಕೂತ್ಕೋ. ನಿನ್ನ ಪದ್ಧತಿ ಹೇಗೋ ಹಾಗೆ ಮಾಡು. ನಂದೇನೂ ಅಡ್ಡಿ ಇಲ್ಲ.”

ಬಿರುಕಪ್ಪ ಛಾವಣಿ ನೋಡಿದ. ಗೋಡೆ ತಟ್ಟಿ ಕಿವಿಗೊಟ್ಟ. “ಎಷ್ಟು ವರ್ಷ ಆಯ್ತು?”

“ಗೋಡೆಗೆಷ್ಟೋ ಗೊತ್ತಿಲ್ಲ. ನನಗೆ ಎಂಬತ್ತಾರು.”

ಅವನು ಕಿತ್ತಳೆ ಸುಲಿದು ಒಂದು ತೊಳೆ ಕೊಟ್ಟ. ನರ್ಸಮ್ಮ ಅದನ್ನು ಔಷಧಿಯ ಹಾಗೆ ನುಂಗಿ, ಎರಡೂ ಕೈಗಳನ್ನು ಎದೆಯ ಮೇಲೆ ಜೋಡಿಸಿಕೊಂಡು, ಕಣ್ಣು ಮುಚ್ಚಿದರು. ಪಾಪ, ನಿದ್ದೆ ಬಂತೇನೋ ಎಂದುಕೊಂಡ ಬಿರುಕಪ್ಪ, ಮೆಲ್ಲಗೆ, ಹಳೆಯ ಸಿನಿಮಾ ಥಿಯೇಟರಿನ ಕಥೆ ಶುರುಮಾಡಿದ. ಆ ಥಿಯೇಟರಿನ ಬಾಗಿಲಿಗೆ ಅವನು ಕೆಂಪು ಗುರುತು ಹಾಕಿದ್ದ. ಮಾಲೀಕ ಅದರ ಮೇಲೆ ಸಿನಿಮಾ ಪೋಸ್ಟರು ಅಂಟಿಸಿ ಆಟ ಮುಂದುವರಿಸಿದ್ದ. ಛಾವಣಿ ದಿನಕ್ಕಿಷ್ಟು ಎಂದು ಇಳಿಯುತ್ತಿತ್ತು. ಮೇಲಿನ ಸಾಲಿನವರು ಮೊದಲು ಟೋಪಿ ತೆಗೆದು ಕೂತರು, ಆಮೇಲೆ ತಲೆ ಬಗ್ಗಿಸಿ ಕೂತರು…

ನರ್ಸಮ್ಮ ಒಂದು ಕಣ್ಣು ತೆರೆದರು. “ಆಮೇಲೆ?”

“ಆಮೇಲಿಂದು ದೊಡ್ಡ ಕಥೆ. ನಾಳೆ ಹೇಳ್ತೀನಿ.”

“ನಾಳೆ?” ನರ್ಸಮ್ಮನ ಹುಬ್ಬು ಗಂಟಾಯಿತು. “ಇವತ್ತೇ ಮುಗ್ಸೋಕೆ ಆಗಲ್ವಾ?”

“ಅಂಗಡಿ ಮುಚ್ಚೋ ಹೊತ್ತಾಯ್ತಮ್ಮ.”

“ಸರಿ, ಬಾ. ಬೇಗ ಬಾ.”

ಮನೆಗೆ ಬಂದವನು ಚಪ್ಪಲಿ ಬಿಡುವುದನ್ನೂ ಮರೆತು ಅಡುಗೆಮನೆಯ ತನಕ ನಡೆದ. “ಬೇಗ ಬಾ ಅಂದ್ರು ಕಣೇ! ನನಗೆ!”

ಹೆಂಡತಿ ನಲ್ಲಿಗೆ ಬಟ್ಟೆ ಸುತ್ತಿ ಕಟ್ಟುತ್ತಿದ್ದಳು. ಅವನ ಮುಖ ನೋಡಿದಳು. ಗಂಟನ್ನು ಇನ್ನೂ ಬಿಗಿಯಾಗಿ ಎಳೆದಳು.

ಬಿರುಕಪ್ಪ ದಿನವೂ ಹೋದ. ಬೇರೆ ಮನೆಯವರೆಲ್ಲ ಕಾಯಬೇಕಾಯಿತು. ಥಿಯೇಟರಿನ ಛಾವಣಿ ಇನ್ನೊಂದು ಮೊಳ ಇಳಿಯಿತು. ನರ್ಸಮ್ಮ ಎರಡು ತೊಳೆ ತಿಂದರು. ಪೊಲೀಸರು ಬಂದು, ಸಿನಿಮಾ ಚೆನ್ನಾಗಿದೆಯೆಂದು ಕೂತುಬಿಟ್ಟರು. ನರ್ಸಮ್ಮ ನಕ್ಕು ಕೆಮ್ಮಿ ನೀರು ಕೇಳಿದರು. ಮಾಲೀಕನಿಗೂ ಅವನ ಹೆಂಡತಿಗೂ ಜಗಳ ಬಂದಾಗ ನರ್ಸಮ್ಮ ಹೆಂಡತಿಯ ಪಕ್ಷ ವಹಿಸಿದರು. ಮಲಗಿಕೊಂಡು ವಾದ ಮಾಡಲು ಆಗುವುದಿಲ್ಲವೆಂದು ಬೆನ್ನಿಗೆ ದಿಂಬು ಕೊಡಿಸಿಕೊಂಡು ಕೂತರು. “ನೀನು ಗಂಡಸು, ನಿನಗೆ ಏನು ಗೊತ್ತು? ಆ ಥಿಯೇಟರ್ ಅವಳ ತವರಿನದು ಅಂತ ನೀನೇ ಮೊನ್ನೆ ಹೇಳಿದೆ!” ಎಂದು ಗದರಿಸಿದರು. ಕನ್ನಡಕ ತರಿಸಿ ಹಾಕಿಕೊಂಡು, ಅವನ ಮುಖ ನೋಡಿ, “ಇಷ್ಟೇನಾ ನೀನು?” ಎಂದರು.

ಇತ್ತ ಲಾಂಡ್ರಿಯಲ್ಲಿ ಬಿರುಕಪ್ಪನ ಮುಂದೆ ಇಡುವ ತಟ್ಟೆ ದಿನದಿಂದ ದಿನಕ್ಕೆ ಬರಿದಾಗತೊಡಗಿತು. ಮೊದಲು ಬಿಸ್ಕತ್ತು ನಿಂತಿತು, ಆಮೇಲೆ ಟೀ. ಒಂದು ದಿನ ಲಾಂಡ್ರಿಯವನ ಹೆಂಡತಿ ಅವನನ್ನು ತಡೆದು ನಿಲ್ಲಿಸಿದಳು. ಬಟ್ಟೆ ಒಗೆಯುವ ಸೋಡಾದ ನೀರಿನಲ್ಲಿ ಅದ್ದಿ ಅದ್ದಿ ಅವಳ ಬೆರಳುಗಳು ಸೀಳಿಹೋಗಿದ್ದವು. ಎಂಟು ವರ್ಷದಿಂದ ನರ್ಸಮ್ಮನನ್ನು ಹೊರಳಿಸಿದ್ದು, ಒರೆಸಿದ್ದು, ಆ ಹಾಸಿಗೆಯನ್ನು ಬೆಳ್ಳಗಿಟ್ಟದ್ದು ಅವೇ ಕೈಗಳು.

“ಸಾರ್, ನೀವು ಬರೋಕೆ ಮುಂಚೆ ಅತ್ತೆ ದಿನಕ್ಕೆ ಎರಡು ಚಮಚ ಹಾಲು ಕುಡೀತಿದ್ರು. ನಿನ್ನೆ ಬ್ರೆಡ್ ತಿಂದ್ರು. ಇನ್ನೂ ಇದೆಯಾ ಅಂದ್ರು.”

“ಸಂತೋಷ ಅಲ್ವೇನಮ್ಮ?”

“ಸಂತೋಷಾನೇ ಸಾರ್,” ಎಂದಳು ಆಕೆ. ಹಾಗೆಂದು, ಒಗೆಯಲು ಬಿದ್ದಿದ್ದ ಬಟ್ಟೆಯ ರಾಶಿಯ ಮೇಲೆ ಕುಸಿದು ಕೂತು ಅಳತೊಡಗಿದಳು.

ಡಾಕ್ಟರು ಬಂದು ನರ್ಸಮ್ಮನ ನಾಡಿ ಹಿಡಿದರು. ಇನ್ನೊಂದು ಕೈಯದೂ ಹಿಡಿದರು. ಹೊರಗೆ ಬಂದು ಬಿರುಕಪ್ಪನನ್ನು ಗದರಿಸುವ ಧಾಟಿಯಲ್ಲಿ ಕೇಳಿದರು, “ಏ, ಏನ್ರೀ ಮಾಡಿದ್ರಿ ಅವರಿಗೆ?”

“ಏನೂ ಇಲ್ಲ ಸಾರ್. ಬರೀ ಮಾತಾಡ್ಸಿದೆ.”

“ಹೀಗೆ ಯಾರ್ಯಾರೋ ಕೈ ಹಾಕಿದ್ರೆ ನಾವು ಯಾಕೆ ಇರೋದು?”

ಸುದ್ದಿ ಹಬ್ಬಿತು. ಬಿರುಕಪ್ಪನ ಕೈ ಕೆಟ್ಟಿದೆ ಎಂದರು. ಮೆಟ್ಟಿಲ ಮೇಲೆ ಕಾಯುವ ಜನ ಕರಗಿದರು. ಕಾಯಿಸಿ ಕಾಯಿಸಿ ಕೊನೆಗೆ ಇವನು ಒಳ್ಳೆಯದನ್ನೇ ಮಾಡಿಬಿಟ್ಟರೆ ಏನು ಗತಿ ಎಂದು ಒಬ್ಬಾತ ಬಾಯಿಬಿಟ್ಟೇ ಹೇಳಿದ. ಮೊಳೆ ಅಂಗಡಿಯ ಯಜಮಾನ ತನ್ನ ದೊಡ್ಡಪ್ಪ ಹೇಗಿದ್ದರೂ ಆ ದಿನವೇ ಹೋಗುವವರಿದ್ದರೆಂದೂ, ಸೇಬಿನ ಬುಟ್ಟಿ ದಂಡವಾಯಿತೆಂದೂ ಗಿರಾಕಿಗಳ ಮುಂದೆ ಹಲುಬಿದ.

ಬಿರುಕಪ್ಪ ತಲೆ ಕೆಡಿಸಿಕೊಳ್ಳಲಿಲ್ಲ. ಅವನಿಗೆ ಬೇಕಾಗಿದ್ದದ್ದು ಒಂದೇ ಬಾಗಿಲು. ಅದು ಸಿಕ್ಕಿತ್ತು.

ಮೋಡ ಕವಿದ ಒಂದು ಮಧ್ಯಾಹ್ನ ಅವನು ಹೋದಾಗ ಹಾಸಿಗೆ ಖಾಲಿಯಾಗಿತ್ತು. ತಿರುಗಿ ನೋಡಿದರೆ ನರ್ಸಮ್ಮ ಕಿಟಕಿಯ ಪಕ್ಕದಲ್ಲಿ, ಅವನು ಕೂರುವ ಕುರ್ಚಿಯಲ್ಲಿ, ತಲೆ ಬಾಚಿಕೊಂಡು, ಎರಡೂ ಪಾದಗಳನ್ನು ನೆಲಕ್ಕೂರಿ ಕೂತಿದ್ದರು.

“ಎದ್ದು ಕೂತಿದೀರಾ!”

“ನಡೆದೂ ಆಯ್ತು. ಬಾಗಿಲ ತನಕ ಹೋಗಿ ಬಂದೆ. ಸಮಾಧಾನ ಆಯ್ತಾ ನಿನಗೆ?”

“ಬಹಳ ಸಂತೋಷ ಅಮ್ಮಾ…”

“ಮುಚ್ಚು ಬಾಯಿ.” ನರ್ಸಮ್ಮ ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡರು. “ಪಿಟೀಲು ಮೇಷ್ಟ್ರಿಗೆ ಒಂದೇ ಒಂದು ಹಗಲು. ಬೇಕರಿಯವನ ಅಪ್ಪನಿಗೆ ಒಂದು ಹಣ್ಣು ಸುಲಿಯೋಷ್ಟು ಹೊತ್ತು. ಆ ಮೊಳೆ ಅಂಗಡಿ ಮುದುಕ ನಿನ್ನನ್ನ ಸರಿಯಾಗಿ ನೋಡಿಯೂ ಇರ್ಲಿಲ್ಲವಂತೆ. ನಾನೇನು ಕಮ್ಮಿ ಮಾಡಿದ್ದೆ ನಿನಗೆ?”

ಬಿರುಕಪ್ಪ ನಿಂತೇ ಇದ್ದ. ಕೂರಲು ಬೇರೆ ಕುರ್ಚಿ ಇರಲಿಲ್ಲ.

“ನೀವು ನನಗೋಸ್ಕರ ಕಾಯ್ತಿದ್ರಿ ಅಂತ…”

“ಕಾಯ್ತಿದ್ದೆ. ಕಾದು ಕಾದು ಹಸಿವಾಗೋಯ್ತು.” ಅವರ ದನಿ ಇಳಿಯಿತು. “ಆ ಹುಡುಗಿ ಕೈ ನೋಡಿದೀಯಾ? ಎಂಟು ವರ್ಷ. ಒಂದು ದಿನ ಮುಖ ಗಂಟು ಹಾಕಿಲ್ಲ ಅವಳು. ಹಾಕಿದ್ರೆ ನನಗೂ ಸ್ವಲ್ಪ ಹಗುರ ಆಗ್ತಿತ್ತು. ನೋಡು, ನಾನು ಕೆಲಸದಲ್ಲಿದ್ದಾಗ ಕರೆದ ಮನೆಯಿಂದ ಕೆಲಸ ಮುಗಿಸದೆ ಎದ್ದು ಬಂದೋಳಲ್ಲ. ನನ್ನದು ಒಳಗೆ ಕರ್ಕೊಳ್ಳೋ ಕೆಲಸ, ನಿನ್ನದು ಆಚೆ ಕಳ್ಸೋ ಕೆಲಸ. ಎರಡಕ್ಕೂ ಒಂದು ಶಿಸ್ತು ಬೇಕು. ನೀನು ಬರ್ತೀಯ, ಅರ್ಧ ಕಥೆ ಹೇಳ್ತೀಯ, ಎದ್ದು ಹೋಗ್ತೀಯ. ಮುಂದೇನಾಯ್ತೋ, ಮುಂದೇನಾಯ್ತೋ ಅಂತ ನಾನು ಬೆಳಗಿನ ತನಕ ಉಸಿರಾಡ್ತಾ ಬಿದ್ದಿರ್ತೀನಿ.”

ಲಾಂಡ್ರಿಯ ಮುಂದಿನ ಕೋಣೆಯಲ್ಲಿ ಇಸ್ತ್ರಿಪೆಟ್ಟಿಗೆ ಒದ್ದೆ ಬಟ್ಟೆಯ ಮೇಲೆ ಸುಯ್ಯೆಂದಿತು. ಬಿರುಕಪ್ಪ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಗೋಡೆಗೆ ಆನಿಸಿಕೊಂಡ. ಗೋಡೆ ತಣ್ಣಗಿತ್ತು.

“ಕಥೆ ಹೇಳಲ್ಲಮ್ಮ,” ಎಂದ. “ಸುಮ್ನೆ ಬಂದು ಕೂತು ಹೋಗ್ತೀನಿ.”

“ಬೇಡ.”

“ವಾರಕ್ಕೊಂದ್ಸಲ?”

“ಬೇಡ ಅಂದೆನಲ್ಲ.”

ಅವನು ಬಾಗಿಲ ತನಕ ಹೋದ. ಅಲ್ಲಿ ನಿಂತು, ಬೆನ್ನು ತಿರುಗಿಸಿಕೊಂಡೇ ಕೇಳಿದ:

“ಆ ಛಾವಣಿ ಏನಾಯ್ತು ಅಂತ ಗೊತ್ತಾಗೋದು ಬೇಡ್ವಾ? ಇನ್ನೊಂದು ಗೇಣು ಮಾತ್ರ ಉಳಿದಿತ್ತು. ಒಳಗಡೆ ತುಂಬಾ ಜನ ಇದ್ರು. ಒಂದೇ ಒಂದು ದಿನದ ಕಥೆ. ನಾಳೆ ಬಂದು ಹೇಳಿ ಮುಗಿಸ್ತೀನಿ.”

ನರ್ಸಮ್ಮ ಒಂದು ಸಲ ಬಾಯಿ ತೆರೆದು ಮುಚ್ಚಿದರು. ಮಡಿಲಲ್ಲಿದ್ದ ಕನ್ನಡಕವನ್ನು ಕೈಗೆತ್ತಿಕೊಂಡು, ಅದರ ಕಡ್ಡಿಗಳನ್ನು ಒಂದೊಂದಾಗಿ ಮಡಿಸಿದರು.

“ಬೇಡ,” ಎಂದರು.